ಅಡುಗೆಮನೆಯ ಡಕ್ಟ್‌ಗೆ ಬಾಗಿಲು ಎಲ್ಲಿದೆ?

ಮಾನ್ಯ ಸಂಪಾದಕರೇ,

ನಾನು ಹೋಟೆಲ್ ಅಡುಗೆಮನೆಗಳ ಹೊಗೆಕೊಳವೆ ತೊಳೆಯುವವನು. ಒಲೆಗಳ ಮೇಲೆ ತಗಡಿನ ದೊಡ್ಡ ಕೊಡೆಯಂತೆ ಕವಿದಿರುತ್ತದಲ್ಲ, ಅದನ್ನು ನಾವು ಹುಡ್ ಎನ್ನುತ್ತೇವೆ. ಅಲ್ಲಿಂದ ಹೊರಟು ಗೋಡೆ, ಸೂರು ದಾಟಿ ತಾರಸಿಯವರೆಗೆ ಹೋಗುವ ಚೌಕದ ತಗಡಿನ ಕೊಳವೆ ಡಕ್ಟ್. ಅದರ ತುದಿಯಲ್ಲಿ ಹೊಗೆಯನ್ನು ಎಳೆಯುವ ಬ್ಲೋವರ್. ಈ ಮೂರರೊಳಗೆ ಕಟ್ಟಿದ ಎಣ್ಣೆ ಜಿಡ್ಡನ್ನು ಹೆರೆದು ತೆಗೆಯುವುದೇ 2010ರಿಂದ ನನ್ನ ಮತ್ತು ನನ್ನ ಜೊತೆಗಿನ ನಾಲ್ವರು ಹುಡುಗರ ಅನ್ನ. ಬೆಂಗಳೂರಿನಲ್ಲಿ ನೀವು ಮಸಾಲೆ ದೋಸೆ ತಿಂದು ಮನೆಗೆ ಹೋಗಿ ಮಲಗಿದ ಮೇಲೆ ನಮ್ಮ ಕೆಲಸ ಶುರುವಾಗುತ್ತದೆ.

ಪತ್ರ ಬರೆಯಲು ಕಾರಣವಿದೆ. ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಹೊಸ ಹೋಟೆಲುಗಳ ಅಡುಗೆಮನೆ ನೋಡಿ ಬಂದೆ. ಮೂರರಲ್ಲೂ ಕಲ್ಲು ಹೊಸದು, ಒಲೆ ಹೊಸದು, ಹುಡ್ ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರರಲ್ಲೂ ಡಕ್ಟ್‌ಗೆ ಒಂದೇ ಒಂದು ಬಾಗಿಲು ಇರಲಿಲ್ಲ. ಬಾಗಿಲೆಂದರೆ ಕೊಳವೆಯ ಮೈಯಲ್ಲಿ ಅಲ್ಲಲ್ಲಿ ಬಿಡುವ, ತಿರುಪು ಬಿಚ್ಚಿ ತೆಗೆಯಬಹುದಾದ ತಗಡಿನ ಮುಚ್ಚಳ. ಕೈ ಹಾಕಲು, ದೀಪ ಬಿಟ್ಟು ನೋಡಲು, ಹೆರೆಯಲು, ಬೆಂಕಿ ಬಿದ್ದರೆ ನೀರು ಬಿಡಲು ಇರುವ ದಾರಿ ಅದೊಂದೇ.

ಈ ಬಾಗಿಲಿನ ಮಾತು ನನ್ನ ತಲೆಗೆ ಹೊಕ್ಕಿದ್ದು 2001ರಲ್ಲಿ. ಕುಂದಾಪುರ ತಾಲ್ಲೂಕಿನ ಹಳ್ಳಿಯಿಂದ 14ನೆಯ ವಯಸ್ಸಿನಲ್ಲಿ ಮಾಣಿಯಾಗಿ ಬೆಂಗಳೂರಿಗೆ ಬಂದವನು ನಾನು; ಅಷ್ಟು ಹೊತ್ತಿಗೆ ಒಂದು ಹೋಟೆಲಿನಲ್ಲಿ ಎರಡನೆಯ ಭಟ್ಟನಾಗಿದ್ದೆ. ಮಳೆಯ ಸಂಜೆ, ಬಜ್ಜಿಗೆ ಗಿರಾಕಿಗಳ ನೂಕುನುಗ್ಗಲು. ಬಾಣಲೆಯ ಎಣ್ಣೆ ಹೊಗೆಯಾಡುತ್ತಿತ್ತು. ಹಿಟ್ಟು ಕಲಸಿಕೊಳ್ಳಲೆಂದು ನಾನು ಬೆನ್ನು ತಿರುಗಿಸಿದ್ದೆ. ತಿರುಗಿ ನೋಡುವಷ್ಟರಲ್ಲಿ ಬಾಣಲೆ ಹೊತ್ತಿಕೊಂಡು ಉರಿ ನನ್ನ ಎತ್ತರಕ್ಕೆ ಎದ್ದಿತ್ತು. ನಾವೇನೂ ತೀರಾ ತಿಳಿಯದವರಲ್ಲ. ಎಣ್ಣೆಗೆ ನೀರು ಹಾಕಬಾರದೆಂದು ಗೊತ್ತಿತ್ತು. ಗ್ಯಾಸ್ ಮುಚ್ಚಿದೆವು, ಅಗಲವಾದ ತಟ್ಟೆ ಕವುಚಿ ಮೇಲೆ ಒದ್ದೆ ಗೋಣಿ ಹಾಕಿದೆವು. ಉರಿ ಅಡಗಿತು. ಎಲ್ಲರೂ ಉಸಿರು ಬಿಟ್ಟೆವು. ಬ್ಲೋವರ್ ಮಾತ್ರ ಓಡುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಐದು ನಿಮಿಷದ ಮೇಲೆ ಎರಡನೆಯ ಮಹಡಿಯಲ್ಲಿ ಬಾಡಿಗೆಗಿದ್ದ ತಾಯಿಯೊಬ್ಬರು ಕೂಗುತ್ತ ಓಡಿಬಂದರು. ಅವರ ಕೋಣೆಯ ಗೋಡೆಯಲ್ಲಿ ಬಣ್ಣ ಬೊಕ್ಕೆ ಬೊಕ್ಕೆಯಾಗಿ ಏಳುತ್ತಿತ್ತು. ಆ ಗೋಡೆಯ ಹಿಂದೆ ನಮ್ಮ ಡಕ್ಟ್ ಹಾದುಹೋಗಿತ್ತು. ಬಾಣಲೆಯ ಉರಿ, ಹುಡ್‌ನ ಬಾಯಲ್ಲಿ ಜಿಡ್ಡು ಹಿಡಿಯಲೆಂದು ಇಡುವ ಫಿಲ್ಟರ್ ದಾಟಿ ಕೊಳವೆಯೊಳಗಿನ ಜಿಡ್ಡಿಗೆ ಹತ್ತಿತ್ತು, ಬ್ಲೋವರ್ ಅದನ್ನು ತಿದಿಯೊತ್ತಿದಂತೆ ಮೇಲಕ್ಕೆ ಎಳೆಯುತ್ತಿತ್ತು. ನಾವು ಕೆಳಗೆ ಒಲೆಯ ಮುಂದೆ ನಿಂತು ಬೆಂಕಿ ಆರಿತೆಂದು ನಂಬಿದ್ದೆವು. ಆ ತಾಯಿಯ ಬೀರುವಿನ ಹಿಂದೆ ಅದು ಉರಿಯುತ್ತಿತ್ತು.

ಅಗ್ನಿಶಾಮಕ ದಳದವರು ಬಂದರು. ಅವರ ಮುಖಂಡರು ಡಕ್ಟ್‌ನ ಉದ್ದಕ್ಕೂ ಕಣ್ಣಾಡಿಸಿ ಕೇಳಿದ ಮೊದಲ ಮಾತು: "ಇದಕ್ಕೆ ಬಾಗಿಲು ಎಲ್ಲಿದೆ?" ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಕೊನೆಗೆ ಅವರು ಕೊಡಲಿಯಿಂದ ತಗಡು ಸೀಳಿ ನೀರು ಬಿಟ್ಟರು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆ ತಾಯಿಯ ಮಗಳ ಮದುವೆಗೆಂದು ತಂದಿಟ್ಟ ಸೀರೆಗಳು ಹೊಗೆಗೆ ಹಾಳಾದವು. ಅವರು ಬೈಯಲಿಲ್ಲ. ಸೀರೆಗಳನ್ನು ಮೆಟ್ಟಿಲ ಮೇಲೆ ಹರಡಿಕೊಂಡು ಒಂದೊಂದನ್ನೇ ಕೊಡವಿ ನೋಡುತ್ತಿದ್ದರು. ಅದನ್ನು ನಾನು ಈವರೆಗೂ ಮರೆತಿಲ್ಲ.

ಜಿಡ್ಡು ಎಂದರೆ ಏನೆಂದು ಹೇಳದೆ ಈ ಪತ್ರ ಪೂರ್ತಿಯಾಗದು. ನಮ್ಮೂರಿನ ಮನೆಯ ಅಡುಗೆ ಕೋಣೆಯಲ್ಲಿ ಇಲ್ಲಣ ಕಟ್ಟುತ್ತಿತ್ತು. ಕಟ್ಟಿಗೆಯ ಮಸಿ ಜೇಡರ ಬಲೆಗೆ ಅಂಟಿ ಹಂಚಿನ ಕೆಳಗೆ ಜೋತಾಡುವುದೇ ಇಲ್ಲಣ. ದೀಪಾವಳಿಗೆ ಮುಂಚೆ ಅಮ್ಮ ಬಿದಿರ ಗಳಕ್ಕೆ ಹಿಡಿಸೂಡಿ ಕಟ್ಟಿ ಅದನ್ನು ಗುಡಿಸಿ ತೆಗೆಯುತ್ತಿದ್ದಳು. ಒಂದು ಬೆಳಗಿನ ಕೆಲಸ. ಡಕ್ಟ್‌ನ ಜಿಡ್ಡು ಅಂಥದ್ದಲ್ಲ. ಕಾದ ಎಣ್ಣೆಯಿಂದ ಏಳುವ ಸಣ್ಣ ಸಣ್ಣ ಹನಿಗಳು ಹೊಗೆಯ ಜೊತೆ ಮೇಲೇರಿ, ತಣ್ಣನೆಯ ತಗಡು ಸಿಕ್ಕಿದೊಡನೆ ಅದಕ್ಕೆ ಅಂಟಿಕೊಳ್ಳುತ್ತವೆ. ಮೊದಲ ವಾರ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ತಿಂಗಳಾದ ಮೇಲೆ ಹಲಸಿನ ಮೇಣದಂತಾಗುತ್ತದೆ, ಬೆರಳಿಟ್ಟರೆ ಎಳೆ ಬರುತ್ತದೆ. ಆರು ತಿಂಗಳು ಬಿಟ್ಟರೆ ಅಡಿಯ ಪದರ ಗಾಳಿ ಮತ್ತು ಶಾಖಕ್ಕೆ ಗಟ್ಟಿಯಾಗುತ್ತ ಬರುತ್ತದೆ. ಬಡಗಿಗಳು ಬಾಗಿಲಿಗೆ ಹಚ್ಚುವ ಅಗಸೆ ಎಣ್ಣೆ ಒಣಗಿ ಹೊಳಪಿನ ಪೊರೆಯಾಗುವುದಿಲ್ಲವೇ, ಅದೇ ಬಗೆ. ಆ ಪದರಕ್ಕೆ ಸೋಪಿನ ನೀರು ಏನೂ ಮಾಡದು. ತೆಂಗಿನಕಾಯಿ ಹೆರೆದಂತೆ ಉಕ್ಕಿನ ಪಟ್ಟಿಯಲ್ಲಿ ಹೆರೆಯಬೇಕು.

ಜಿಡ್ಡು ನೋಡಿ ಆ ಹೋಟೆಲಿನ ಅಡುಗೆ ಹೇಳಬಲ್ಲೆ. ಬರೀ ದೋಸೆ ಕಾವಲಿಯ ಮೇಲಿನ ಡಕ್ಟ್ ತೆಳು ಕಂದು, ಒಳಗೆ ಒಗ್ಗರಣೆಯ ಘಾಟು. ಗೋಬಿ ಮಂಚೂರಿ, ನೂಡಲ್ಸ್ ಮಾಡುವ ದೊಡ್ಡ ಉರಿಯ ಒಲೆಯ ಮೇಲಿನದು ಕಪ್ಪು, ದಪ್ಪ, ಅಂಟು. ತಂದೂರಿನದಕ್ಕೆ ಇದ್ದಿಲ ಮಸಿ ಸೇರಿ ಡಾಂಬರಿನಂತಿರುತ್ತದೆ. ಇದ್ದಿಲಿನ ಕಿಡಿ ನೇರವಾಗಿ ಮೇಲೆ ಹಾರುವುದರಿಂದ ನನಗೆ ಎಲ್ಲಕ್ಕಿಂತ ಹೆದರಿಕೆ ಅದರದೇ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವಲ್ಲಿ ಹೊಗೆಯೂ ಹೆಚ್ಚು, ಜಿಡ್ಡೂ ಹೆಚ್ಚು. ಕರಿಯುವ ಎಣ್ಣೆಯಲ್ಲಿ ಟಿಪಿಸಿ ಎಂಬ ಕೆಟ್ಟ ಅಂಶ ಶೇ 25 ದಾಟಿದರೆ ಅದನ್ನು ಬಳಸುವಂತಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ನಿಯಮ ಮಾಡಿದೆ. ಒಳ್ಳೆಯದಾಯಿತು. ಬಾಣಲೆಯೊಳಗೆ ನೋಡುವ ಕಣ್ಣು ಒಮ್ಮೆ ಬಾಣಲೆಯ ಮೇಲಕ್ಕೂ ಹೋಗಲಿ ಎಂಬುದು ನನ್ನ ಬೇಡಿಕೆ.

2003ರಿಂದ 2009ರವರೆಗೆ ನಾನು ದುಬೈನಲ್ಲಿದ್ದೆ. ಭಟ್ಟನಾಗಿ ಹೋದವನು ಡಕ್ಟ್ ತೊಳೆಯುವ ಕೆಲಸಕ್ಕೆ ಸೇರಿಕೊಂಡೆ. ಅಗ್ನಿಶಾಮಕದವರು ಕೇಳಿದ ಆ ಬಾಗಿಲಿಗೆ ಒಂದು ಹೆಸರಿದೆ, ಲೆಕ್ಕವಿದೆ ಎಂದು ಅಲ್ಲಿ ತಿಳಿಯಿತು. ಅಮೆರಿಕದ ಎನ್‌ಎಫ್‌ಪಿಎ 96 ಎಂಬ ನಿಯಮಾವಳಿಯನ್ನು ನಮ್ಮ ಮೇಸ್ತ್ರಿ ಬಾಯಿಪಾಠ ಮಾಡಿಸುತ್ತಿದ್ದರು. ಕೊಳವೆ ತಿರುಗುವ ಪ್ರತಿ ಮೂಲೆಯಲ್ಲೂ ಒಂದು ಬಾಗಿಲು. ಅಡ್ಡಲಾಗಿ ಸಾಗುವ ಕಡೆ ಪ್ರತಿ 12 ಅಡಿಗೆ ಒಂದು. ಇದ್ದಿಲು ಅಥವಾ ಸೌದೆಯ ಅಡುಗೆಯಾದರೆ ತಿಂಗಳಿಗೊಮ್ಮೆ ಒಳಗೆ ನೋಡಬೇಕು. ದಿನವಿಡೀ ಕರಿಯುವ, ದೊಡ್ಡ ಉರಿಯ ಅಡುಗೆಗೆ ಮೂರು ತಿಂಗಳು. ಸಾಧಾರಣ ಹೋಟೆಲಿಗೆ ಆರು ತಿಂಗಳು. ಅಪರೂಪಕ್ಕೆ ಒಲೆ ಹಚ್ಚುವ ಛತ್ರದಂಥ ಕಡೆಗೆ ವರ್ಷಕ್ಕೊಮ್ಮೆ. ತೊಳೆದ ಮೇಲೆ ಯಾರು, ಯಾವ ದಿನ ತೊಳೆದರು, ಯಾವ ಭಾಗಕ್ಕೆ ಕೈ ಹೋಗಲಿಲ್ಲ ಎಂಬುದನ್ನು ಬರೆದು ಅಡುಗೆಮನೆಯಲ್ಲಿ ಅಂಟಿಸಬೇಕು. ಕೈ ಹೋಗದ ಭಾಗವನ್ನೂ ಬರೆಯಬೇಕು ಎಂಬ ಮಾತು ನನಗೆ ಬಹಳ ಹಿಡಿಸಿತು.

2007ರ ಆಗಸ್ಟ್‌ನಲ್ಲಿ ಅಮೆರಿಕದ ಬಾಸ್ಟನ್ ನಗರದ ವೆಸ್ಟ್ ರಾಕ್ಸ್‌ಬರಿಯಲ್ಲಿ ಒಂದು ರೆಸ್ಟೋರೆಂಟಿಗೆ ಬೆಂಕಿ ಬಿದ್ದು ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅಡುಗೆಮನೆಯ ಡಕ್ಟ್‌ನ ಜಿಡ್ಡಿಗೆ ಹತ್ತಿದ ಬೆಂಕಿ ಸೂರಿನ ಮೇಲೆ ಯಾರ ಕಣ್ಣಿಗೂ ಬೀಳದೆ ಉರಿಯುತ್ತಿತ್ತು. ಆ ಸುದ್ದಿಯನ್ನು ಕೆಲಸ ಶುರುವಾಗುವ ಮುಂಚೆ ಮೇಸ್ತ್ರಿ ನಮಗೆ ಓದಿ ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಗೋಡೆಯ ಬೊಕ್ಕೆಗಳು. ಬೆಂಗಳೂರಿಗೇ ಬಂದರೆ, 2010ರ ಫೆಬ್ರುವರಿಯಲ್ಲಿ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಸತ್ತರು. ಅದು ವಿದ್ಯುತ್ ತಂತಿಗಳ ಬೆಂಕಿ, ಅಡುಗೆಯದಲ್ಲ. ಆದರೆ ಕಟ್ಟಡದೊಳಗಿನ ಕೊಳವೆದಾರಿಗಳಲ್ಲಿ ಹೊಗೆ ಎಷ್ಟು ಬೇಗ ಮೇಲೇರುತ್ತದೆ ಎಂಬುದನ್ನು ಈ ಊರು ಅಂದು ಕಂಡಿದೆ.

ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ಓದುಗರಿಗೆ ತಿಳಿದರೆ ಬಾಗಿಲಿನ ಬೆಲೆಯೂ ತಿಳಿಯುತ್ತದೆ. ರಾತ್ರಿ 11ಕ್ಕೆ ಹೋಟೆಲು ಮುಚ್ಚುತ್ತದೆ. ಒಲೆಗಳು ಆರಲು ಒಂದು ಗಂಟೆ ಬಿಡುತ್ತೇವೆ. ಗ್ಯಾಸಿನ ಮುಖ್ಯ ಕವಾಟ ಮುಚ್ಚುತ್ತೇವೆ. ಬ್ಲೋವರ್‌ನ ಫ್ಯೂಸ್ ಕಿತ್ತು ನನ್ನ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತೇನೆ. ಹುಡುಗ ಒಳಗೆ ಕೈ ಇಟ್ಟಿರುವಾಗ ಯಾರೋ ಗುಂಡಿ ಒತ್ತಿದರೆ ಕೈ ಉಳಿಯದು. ಫಿಲ್ಟರ್‌ಗಳನ್ನು ಬಿಚ್ಚಿ ಕುದಿನೀರಿನ ಡ್ರಮ್ಮಿಗೆ ಇಳಿಸುತ್ತೇವೆ. ಸ್ಟೀಲ್ ಫಿಲ್ಟರ್ ಆದರೆ ಕಾಸ್ಟಿಕ್ ಸೋಡಾ ನಡೆಯುತ್ತದೆ, ಜಿಡ್ಡನ್ನೇ ಅದು ಸಾಬೂನು ಮಾಡಿಬಿಡುತ್ತದೆ. ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ಸೋಕಿಸಲೇಬಾರದು. ನೊರೆಯೆದ್ದು, ಹೊತ್ತಿಕೊಳ್ಳುವ ಅನಿಲ ಬಿಟ್ಟು, ಫಿಲ್ಟರ್ ಕಪ್ಪಾಗಿ ತಿಂದುಹೋಗುತ್ತದೆ. ಹುಡ್‌ನ ಸುತ್ತ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಲಾಳಿಕೆಯಂತೆ ಮಾಡಿ ಕೆಳಗೆ ಡ್ರಮ್ ಇಡುತ್ತೇವೆ. ಆಮೇಲೆ ತಾರಸಿಗೆ ಹೋಗಿ ಬ್ಲೋವರ್‌ನಿಂದ ಶುರುಮಾಡಿ ಮೇಲಿನಿಂದ ಕೆಳಕ್ಕೆ ಬರುತ್ತೇವೆ. ಮೊದಲು ಒಣ ಹೆರೆತ, ಆಮೇಲೆ ಜಿಡ್ಡು ಕರಗಿಸುವ ಔಷಧಿ, ಆಮೇಲೆ ಬಿಸಿನೀರು. ವರ್ಷಗಟ್ಟಲೆ ಮುಟ್ಟದ ಡಕ್ಟ್ ಆದರೆ ಮೂರು ಗೋಣಿಚೀಲ ಜಿಡ್ಡು ಇಳಿಯುತ್ತದೆ. ಅದನ್ನು ಚರಂಡಿಗೆ ಸುರಿಯಲು ನಾನು ಬಿಡುವುದಿಲ್ಲ. ಮಾರನೆಯ ತಿಂಗಳು ಅದೇ ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡು ಇನ್ನೊಬ್ಬ ಬಡವ ಅದರ ಮುಂದೆ ನಿಲ್ಲಬೇಕಾಗುತ್ತದೆ.

ಬಾಗಿಲಿಲ್ಲದ ಡಕ್ಟ್‌ನಲ್ಲಿ ಈ ಕ್ರಮ ಯಾವುದೂ ನಡೆಯದು. ಹುಡ್‌ನ ಬಾಯಿಯಿಂದ ಕತ್ತು ಮೇಲೆತ್ತಿ, ಕೈ ಹೋದಷ್ಟು ಹೆರೆಯುವುದೊಂದೇ ಉಳಿಯುವುದು. ನಾಲ್ಕು ವರ್ಷದ ಹಿಂದೆ ನಮ್ಮ ತಂಡದ ಹಾಸನ ಕಡೆಯ ಹುಡುಗ ಹಾಗೆ ನಿಂತು ಔಷಧಿ ಸಿಂಪಡಿಸುತ್ತಿದ್ದ. ಬೆವರಿಗೆ ಮಂಜು ಕಟ್ಟಿತೆಂದು ಒಂದು ಗಳಿಗೆ ಕನ್ನಡಕ ಹಣೆಗೇರಿಸಿದ್ದ. ಮೇಲಿನಿಂದ ಕಾಸ್ಟಿಕ್ ಬೆರೆತ ಒಂದು ಹನಿ ನೇರವಾಗಿ ಎಡಗಣ್ಣಿಗೆ ಬಿತ್ತು. ತೊಟ್ಟಿಯ ನಲ್ಲಿಯ ಕೆಳಗೆ ಅವನ ತಲೆ ಹಿಡಿದು 20 ನಿಮಿಷ ನೀರು ಬಿಟ್ಟೆ. ಅವನು "ಅಣ್ಣಾ, ಕಣ್ಣು ಇದೆಯಾ?" ಎಂದು ಕೇಳುತ್ತಲೇ ಇದ್ದ. ದೃಷ್ಟಿ ಉಳಿಯಿತು. ಕಣ್ಣಿನ ಬಿಳಿಯಲ್ಲಿ ಒಂದು ಕಲೆ ನಿಂತಿದೆ. ಕನ್ನಡಕ ತೆಗೆದದ್ದು ಅವನ ತಪ್ಪು, ಅದನ್ನು ನೋಡಿಯೂ ಗದರಿಸದೆ ಬಿಟ್ಟದ್ದು ನನ್ನ ತಪ್ಪು. ಆದರೆ ಪಕ್ಕದಲ್ಲಿ ಬಾಗಿಲೊಂದು ಇದ್ದಿದ್ದರೆ ಅವನು ಹನಿಯ ಕೆಳಗೆ ಮುಖವೊಡ್ಡಿ ನಿಲ್ಲುವ ಪ್ರಸಂಗವೇ ಬರುತ್ತಿರಲಿಲ್ಲ. ಆ ದಿನದಿಂದ ಬಾಗಿಲಿಲ್ಲದ ಡಕ್ಟ್‌ಗೆ ನಾನು ಔಷಧಿ ಮುಟ್ಟಿಸುವುದಿಲ್ಲ. ಮೊದಲು ಬಾಗಿಲು, ಆಮೇಲೆ ಕೆಲಸ ಎನ್ನುತ್ತೇನೆ. ಅರ್ಧ ಮಂದಿ ಗಿರಾಕಿಗಳು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ.

ಇನ್ನೊಂದು ಮಾತನ್ನು ಎಲ್ಲ ಹೋಟೆಲ್ ಮಾಲೀಕರೂ, ತಗಡಿನ ಕೆಲಸದವರೂ ದಯವಿಟ್ಟು ಗಮನಿಸಬೇಕು. ಹಳೆಯ ಜಿಡ್ಡು ತುಂಬಿದ ಡಕ್ಟ್‌ಗೆ ಬಾಗಿಲು ಕತ್ತರಿಸಲು ಗ್ರೈಂಡರ್ ಹಿಡಿಯಬೇಡಿ. ಅದರ ಕಿಡಿಗಳು ಒಳಗೇ ಬೀಳುತ್ತವೆ. ಒಮ್ಮೆ ನನ್ನ ಕಣ್ಣೆದುರೇ ಹಾಗೆ ಹೊತ್ತಿಕೊಂಡಿತು. ಕೈಗೆ ಸಿಗುವಂತೆ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡಿದ್ದರಿಂದ ಬಚಾವಾದೆವು. ಬ್ಲೋವರ್ ನಿಲ್ಲಿಸಿ, ಹುಡ್ ಕಡೆಯಿಂದ ಆದಷ್ಟು ಹೆರೆದು, ಕೈ ಡ್ರಿಲ್ಲಿನಿಂದ ತೂತು ಮಾಡಿ, ತಗಡು ಕತ್ತರಿಯಿಂದ ನಿಧಾನವಾಗಿ ಕತ್ತರಿಸಬೇಕು. ಎರಡು ಗಂಟೆಯ ಕೆಲಸ ಅರ್ಧ ದಿನ ಹಿಡಿಯುತ್ತದೆ. ಡಕ್ಟ್ ಕಟ್ಟುವಾಗಲೇ ಬಾಗಿಲು ಬಿಟ್ಟರೆ ಈ ಪಾಡೇ ಇಲ್ಲ, ಖರ್ಚೂ ಲೆಕ್ಕಕ್ಕೆ ಬರುವಷ್ಟಿಲ್ಲ.

ಮಾಲೀಕರ ಮೇಲೆ ನನಗೆ ದ್ವೇಷವಿಲ್ಲ. ಬಹುಪಾಲು ನಮ್ಮ ಕಡೆಯವರೇ, ನನ್ನಂತೆಯೇ ತಟ್ಟೆ ತೊಳೆದು ಮೇಲೆ ಬಂದವರು. ಬಾಡಿಗೆ, ಸಂಬಳ, ಗ್ಯಾಸಿನ ದರ ಎಲ್ಲ ಏರುತ್ತಿರುವಾಗ ಒಂದು ರಾತ್ರಿ ಬೇಗ ಮುಚ್ಚುವುದೂ ಕಷ್ಟವೇ. ಕಟ್ಟಡದ ಯಜಮಾನರು ಗೋಡೆ ಮುಟ್ಟಲು ಬಿಡುವುದಿಲ್ಲ. ಆದರೂ ಒಬ್ಬ ಧಣಿಗಳು ನನಗೆ ಹೇಳಿದ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ: "ಫಿಲ್ಟರ್ ತೊಳೆ ಮಾರಾಯ, ಹುಡ್ ಹೊಳೆಯಲಿ, ಅಷ್ಟು ಸಾಕು. ಮೇಲೆ ಹತ್ತಿ ಯಾರು ನೋಡುತ್ತಾರೆ?" ಅವರು ಹೇಳಿದ್ದು ನಿಜ. ನಾನು ಕೆಲಸ ಮಾಡಿದ ಯಾವ ಹೋಟೆಲಿನಲ್ಲೂ ಪರಿಶೀಲನೆಗೆ ಬಂದವರು ಡಕ್ಟ್‌ನೊಳಗೆ ದೀಪ ಬಿಟ್ಟು ನೋಡಿದ್ದನ್ನು ನಾನು ಕಂಡಿಲ್ಲ. ಬಾಗಿಲೇ ಇಲ್ಲದಿದ್ದರೆ ಅವರು ತಾನೇ ಎಲ್ಲಿ ನೋಡಬೇಕು?

ಅದಕ್ಕೇ ಅಧಿಕಾರಿಗಳಲ್ಲಿ ಕೈಮುಗಿದು ಕೇಳುತ್ತೇನೆ. ಹೋಟೆಲಿಗೆ ಪರವಾನಗಿ ಕೊಡುವಾಗ, ನವೀಕರಿಸುವಾಗ ಒಂದು ಪ್ರಶ್ನೆ ಸೇರಿಸಿ: ಡಕ್ಟ್‌ಗೆ ಬಾಗಿಲು ಎಷ್ಟು, ಎಲ್ಲೆಲ್ಲಿ? ಕೊನೆಯ ಸಲ ತೊಳೆದ ದಿನಾಂಕದ ಚೀಟಿ ಹುಡ್ ಮೇಲೆ ಇದೆಯೇ? ಕೆಳಗೆ ಹೋಟೆಲು, ಮೇಲೆ ಮನೆ ಇರುವ ಕಟ್ಟಡಗಳಿಗೆ ಮೊದಲು ಹೋಗಿ. ಕರಿಯುವ ಒಲೆಯ ಹತ್ತಿರ ಅಡುಗೆ ಎಣ್ಣೆಯ ಬೆಂಕಿಗೆಂದೇ ಬರುವ ವೆಟ್ ಕೆಮಿಕಲ್ ಸಿಲಿಂಡರ್ ಇದೆಯೇ ನೋಡಿ. ಉರಿಯುವ ಎಣ್ಣೆಯ ಮೇಲೆ ಅದು ಸಾಬೂನಿನ ನೊರೆಯ ಪೊರೆ ಕಟ್ಟಿ ಮತ್ತೆ ಹೊತ್ತಿಕೊಳ್ಳದಂತೆ ತಡೆಯುತ್ತದೆ.

ಮನೆಗಳಲ್ಲಿ ಚಿಮ್ನಿ ಇಟ್ಟುಕೊಂಡವರಿಗೂ ಎರಡು ಮಾತು. ಆಟೋಕ್ಲೀನ್ ಎಂದು ಕೊಂಡ ಚಿಮ್ನಿ ತನ್ನ ಫ್ಯಾನಿನ ಸುತ್ತಲಿನ ಎಣ್ಣೆಯನ್ನು ಕರಗಿಸಿ ಕೆಳಗಿನ ಬಟ್ಟಲಿಗೆ ಇಳಿಸುತ್ತದೆ, ಅಷ್ಟೇ. ಹಿಂದಿನ ಕೊಳವೆ ಅದರ ಕೈಗೆ ಸಿಗದು. ಆ ಬಟ್ಟಲನ್ನೇ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಖಾಲಿ ಮಾಡಿರುವುದಿಲ್ಲ. ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಕೊಳವೆಯ ಒಂದೊಂದು ಸುಕ್ಕೂ ಎಣ್ಣೆ ಹಿಡಿಯುವ ತಟ್ಟೆ. ಅದನ್ನು ತೊಳೆಯಲು ಒದ್ದಾಡುವುದಕ್ಕಿಂತ ಬಿಚ್ಚಿ ಹೊಸದು ಹಾಕಿಸುವುದು ಮೇಲು. ಪಿವಿಸಿ ಕೊಳವೆ ಹಾಕಿದ್ದರೆ ನಾಳೆಯೇ ತೆಗೆಸಿ, ಅದು ಶಾಖಕ್ಕೆ ಕರಗುತ್ತದೆ, ಬೆಂಕಿಗೆ ವಿಷದ ಹೊಗೆ ಬಿಡುತ್ತದೆ. ಫಿಲ್ಟರ್‌ಗಳನ್ನು 15 ದಿನಕ್ಕೊಮ್ಮೆ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ ಉಜ್ಜಿದರೆ ಸಾಕು. ಅಲ್ಯೂಮಿನಿಯಂ ಜಾಲರಿಯಾದರೆ ಸೋಡಾ ಬೇಡ, ಪಾತ್ರೆ ತೊಳೆಯುವ ಸೋಪೇ ಸಾಕು. ಇದ್ದಿಲಿನ ಫಿಲ್ಟರ್ ತೊಳೆಯುವಂಥದ್ದಲ್ಲ, ಬದಲಿಸುವಂಥದ್ದು. ಒಲೆಯ ಮೇಲೆ ಬೆಂಕಿ ಎದ್ದರೆ ಗ್ಯಾಸಿನ ಜೊತೆಗೆ ಚಿಮ್ನಿಯನ್ನೂ ನಿಲ್ಲಿಸಿ. ನಾವು ಅಂದು ಮರೆತದ್ದು ಅದನ್ನೇ.

ಕೆಲಸ ಮುಗಿಯುವಾಗ ಬೆಳಗಿನ ಜಾವ ನಾಲ್ಕೂವರೆ. ಹಾಲಿನ ಗಾಡಿ ಬಂದಿರುತ್ತದೆ. ನಾನು ಫ್ಯೂಸ್ ಹಾಕಿ ಬ್ಲೋವರ್ ಓಡಿಸಿ, ಕೌಂಟರಿನಲ್ಲಿ ಬಿದ್ದ ಪತ್ರಿಕೆಯ ಅರ್ಧ ಹಾಳೆ ತೆಗೆದು ಫಿಲ್ಟರ್‌ಗೆ ಹಿಡಿಯುತ್ತೇನೆ. ಕೈ ಬಿಟ್ಟರೂ ಹಾಳೆ ಅಲ್ಲೇ ಅಂಟಿ ನಿಂತರೆ ಎಳೆತ ಸರಿಯಿದೆ ಎಂದರ್ಥ. ಎಷ್ಟೋ ಬೆಳಗು ಅದು ನಿಮ್ಮ ಪತ್ರಿಕೆಯದೇ ಹಾಳೆ. ಅದರಲ್ಲಿ ಈ ಪತ್ರಕ್ಕೂ ಒಂದಿಷ್ಟು ಜಾಗ ಸಿಗಲಿ ಎಂದು ಕೇಳುತ್ತಿದ್ದೇನೆ. ಹೆಸರು ಹಾಕಬೇಡಿ, ನನ್ನ ಗಿರಾಕಿಗಳು ತಮ್ಮನ್ನೇ ಅಂದದ್ದೆಂದು ನೊಂದುಕೊಳ್ಳುವುದು ಬೇಡ. ಆದರೆ ಹೊಸ ಹೋಟೆಲು ಕಟ್ಟುತ್ತಿರುವವರು ಯಾರಾದರೂ ಪತ್ರಿಕೆಯ ಮೂಲಕ ನನ್ನನ್ನು ಕೇಳಿದರೆ ಅವರ ವಿಳಾಸ ತಿಳಿಸಿ. ಡಕ್ಟ್ ಏರುವ ಮುಂಚೆ ಬಂದು, ಎಲ್ಲೆಲ್ಲಿ ಬಾಗಿಲು ಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಡುತ್ತೇನೆ. ಅದಕ್ಕೆ ಹಣ ಬೇಡ. ಹಗಲು ಮೂರು ಗಂಟೆಯ ಮೇಲೆ ನಾನು ಎದ್ದಿರುತ್ತೇನೆ.

ಇತಿ,
ಹೋಟೆಲ್ ಡಕ್ಟ್ ತೊಳೆಯುವ ಕಾರ್ಮಿಕ
ಬೆಂಗಳೂರು